ದಾವಣಗೆರೆಯಲ್ಲಿ ಒಂದು ಸಂಜೆ, ಮೂರು ಜಾಗ, ಮೂರು ಗ್ಲಾಸ್

"ವೈನ್ಸ್" ಅಂತ ದೊಡ್ಡ ಬೋರ್ಡ್ ಇರುವ ಅಂಗಡಿಗೆ ಹೋಗಿ "ವೈನ್ ಕೊಡ್ರಿ" ಅಂತ ಕೇಳಿ ನೋಡಿ. ಕೌಂಟರಿನವನು ಒಂದು ಕ್ಷಣ ನಿಮ್ಮ ಮುಖ ನೋಡುತ್ತಾನೆ. ಆಮೇಲೆ ಸ್ಟೂಲ್ ಹತ್ತಿ, ಮೇಲಿನ ಹಲಗೆಯಿಂದ ಧೂಳು ಹಿಡಿದ ಬಾಟ್ಲಿ ಇಳಿಸಿ, ಬಟ್ಟೆಯಲ್ಲಿ ಒರೆಸಿ, "ಇದೊಂದೇ ಐತೆ ಸಾರ್, ಕ್ರಿಸ್‌ಮಸ್ ಕೇಕಿಗೆ ಅಂತ ತರಿಸಿದ್ದು" ಅನ್ನುತ್ತಾನೆ.

ನಮ್ಮ ಕಡೆ ವೈನ್ ಶಾಪ್ ಅಂದರೆ ವೈನ್ ಬಿಟ್ಟು ಮಿಕ್ಕಿದ್ದೆಲ್ಲ ಸಿಗುವ ಜಾಗ. ಹಾಗಂತ ದಾವಣಗೆರೆಯಲ್ಲಿ ಒಳ್ಳೆಯ ಸಂಜೆ ಕಳೆಯಲು ಆಗುವುದಿಲ್ಲ ಅಂತಲ್ಲ. ಬೆಂಗಳೂರಿನಿಂದ ಬಂದ ಗೆಳೆಯರು "ನಿಮ್ಮೂರಲ್ಲಿ ಕಾಕ್‌ಟೇಲ್ ಬಾರ್ ಇದ್ಯಾ?" ಅಂತ ನಕ್ಕಾಗಲೆಲ್ಲ ನಾನು ಅವರಿಗೆ ಒಂದು ಸುತ್ತು ಹಾಕಿಸುತ್ತೇನೆ. ಮೂರು ಜಾಗ, ಒಂದೊಂದರಲ್ಲಿ ಒಂದೇ ಒಂದು ಗ್ಲಾಸ್, ನಡುವೆ ಒಂದಿಷ್ಟು ನಡಿಗೆ. ಹೀಗೆ ಸುತ್ತಿ, ಕೆಲವು ಸಲ ಕೈ ಸುಟ್ಟುಕೊಂಡು ಕಲಿತದ್ದು ಈ ಲೇಖನ. ಯಾವ ಬಾರಿನ ಹೆಸರನ್ನೂ ಹೇಳುವುದಿಲ್ಲ. ಮಾಲೀಕರು, ಮ್ಯಾನೇಜರು, ಬೋರ್ಡು ಎಲ್ಲ ಬದಲಾಗುತ್ತಲೇ ಇರುತ್ತವೆ. ಒಳಗೆ ಹೋದಮೇಲೆ ಏನು ನೋಡಬೇಕು, ಏನು ಕೇಳಬೇಕು ಅನ್ನುವುದು ಮಾತ್ರ ಎಲ್ಲ ಕಡೆ ಒಂದೇ.

ಇನ್ನೊಂದು ಮಾತು ಈಗಲೇ. ಕರ್ನಾಟಕದ ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಮದ್ಯ ಕೊಡುವ ಹಾಗಿಲ್ಲ. ಇದು ಕಾಲೇಜುಗಳ ಊರು, ಹುಡುಗರು ಜಾಸ್ತಿ. ಒಳ್ಳೆಯ ಹೋಟೆಲಿನಲ್ಲಿ ಗುರುತಿನ ಚೀಟಿ ಕೇಳಿದರೆ ಮುಖ ಗಂಟು ಹಾಕಿಕೊಳ್ಳಬೇಡಿ. ಕೇಳುವ ಜಾಗವೇ ಒಳ್ಳೆಯ ಜಾಗ.

ಮೊದಲು ಬೋರ್ಡ್ ಓದುವುದು ಕಲಿಯಿರಿ

ನಮ್ಮ ರಾಜ್ಯದಲ್ಲಿ "ಕಾಕ್‌ಟೇಲ್ ಬಾರ್" ಅಂತ ಬೇರೆ ಲೈಸೆನ್ಸ್ ಇಲ್ಲ. ಇರುವುದು ಸಿಎಲ್ ಅಂತ ನಂಬರು ಹಾಕಿದ ಅಬಕಾರಿ ಲೈಸೆನ್ಸುಗಳ ಸಾಲು. ಇದು ಗೊತ್ತಿದ್ದರೆ ಅರ್ಧ ಅಲೆದಾಟ ಉಳಿಯುತ್ತದೆ.

ಸಿಎಲ್-2 ಅಂದರೆ ಚಿಲ್ಲರೆ ಮಾರುವ ಅಂಗಡಿ, ನಾವು ವೈನ್ಸ್ ಅನ್ನುವುದು ಇದನ್ನೇ. ಎಂಎಸ್‌ಐಎಲ್ ಅಂಗಡಿಯೂ ಅಂಥದ್ದೇ, ಆದರೆ ಸರ್ಕಾರದ್ದು. ಇಲ್ಲಿ ತೆಗೆದುಕೊಂಡು ಹೋಗಬೇಕು, ಅಲ್ಲೇ ನಿಂತು ಕುಡಿಯುವುದಕ್ಕಲ್ಲ. ಎಷ್ಟು ಜನ ಈ ನಿಯಮ ಪಾಲಿಸುತ್ತಾರೆ ಅನ್ನುವುದು ಸಂಜೆ ಏಳರ ಮೇಲೆ ಆ ಕಡೆ ಹೋದರೆ ಗೊತ್ತಾಗುತ್ತದೆ, ಬಿಡಿ. ಸಿಎಲ್-9 ಅಂದರೆ ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-7 ಅಂದರೆ ರೂಮ್ ಇರುವ ಹೋಟೆಲು, ಲಾಡ್ಜಿನ ಬಾರ್. ಸಿಎಲ್-4 ಕ್ಲಬ್ಬುಗಳದ್ದು, ಅಲ್ಲಿಗೆ ಮೆಂಬರ್ ಆದವರ ಜೊತೆಗೇ ಹೋಗಬೇಕು.

ಕಾಕ್‌ಟೇಲ್ ಹುಡುಕುವವರು ಮೊದಲು ಹೋಗಬೇಕಾದದ್ದು ಸಿಎಲ್-7ಕ್ಕೆ, ಅಂದರೆ ದೊಡ್ಡ ಹೋಟೆಲಿನ ಬಾರಿಗೆ. ಕಾರಣ ಸರಳ. ಅಲ್ಲಿ ಹೊರಊರಿನ ವ್ಯಾಪಾರಸ್ಥರು, ಮದುವೆಗೆ ಬಂದವರು, ಕಂಪನಿಯವರು ಉಳಿಯುತ್ತಾರೆ. ಜಿನ್ ಅನ್ನುವ ಬಣ್ಣವಿಲ್ಲದ ಮದ್ಯ ಕೇಳುವವರು, ಅದಕ್ಕೆ ಬೆರೆಸುವ ಟಾನಿಕ್ ಅನ್ನುವ ಕಹಿ ಸೋಡಾ ಕೇಳುವವರು ಅಲ್ಲಿಗೇ ಬರುವುದು. ಹಾಗಾಗಿ ಆ ಬಾಟ್ಲಿಗಳು ಓಡುತ್ತವೆ, ಧೂಳು ಹಿಡಿಯುವುದಿಲ್ಲ. ಸಿಎಲ್-9ರಲ್ಲಿ ಮೆನುವಿನ ಕೊನೇ ಪುಟದಲ್ಲಿ ಹನ್ನೆರಡು ಕಾಕ್‌ಟೇಲ್ ಹೆಸರು ಇರುತ್ತದೆ. ಹೆಸರು ಇರುವುದು ಬೇರೆ, ಸಾಮಾನು ಇರುವುದು ಬೇರೆ.

ಇನ್ನು ರೂಫ್‌ಟಾಪ್. ದಾವಣಗೆರೆಯಲ್ಲಿ ಇದೊಂದು ದೊಡ್ಡ ಮೋಸ. ಮೋಸ ಅಂದರೆ ಯಾರೂ ಬೇಕಂತ ಮಾಡಿದ್ದಲ್ಲ, ನಾವೇ ತಪ್ಪು ತಿಳಿದುಕೊಳ್ಳುವುದು. ರೂಫ್‌ಟಾಪ್ ಅಂತ ದೀಪದ ಬೋರ್ಡ್ ನೋಡಿ ಮೇಲೆ ಹತ್ತಿದರೆ ಅಲ್ಲಿ ಪನೀರ್ ಟಿಕ್ಕಾ, ಹುಟ್ಟುಹಬ್ಬದ ಬಲೂನು, ಓಡಾಡುವ ಮಕ್ಕಳು. ಶುದ್ಧ ಸಸ್ಯಾಹಾರಿ. ವರ್ಜಿನ್ ಮೊಜಿಟೊ, ಅಂದರೆ ಮದ್ಯ ಹಾಕದ ಪುದೀನ ನಿಂಬೆ ಸೋಡಾ, ಬಿಟ್ಟರೆ ಮತ್ತೇನೂ ಇಲ್ಲ. ಆದ್ದರಿಂದ ಹೊರಡುವ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. "ಲಿಕ್ಕರ್ ಸರ್ವ್ ಮಾಡ್ತೀರಾ?" "ಮೇಲೆ ಟೆರೇಸಿನಲ್ಲಿ ಮಾಡ್ತೀರಾ, ಕೆಳಗೆ ಮಾತ್ರನಾ?" ಎರಡನೇ ಪ್ರಶ್ನೆ ಬಿಡಬೇಡಿ. ಕೆಲವು ಕಡೆ ಕುಡಿಯುವುದು ನೆಲಮಹಡಿಯ ಎಸಿ ಹಾಲ್‌ನಲ್ಲಿ, ಮೇಲೆ ಬರೀ ಊಟ.

ದಿನ ಮತ್ತು ಹೊತ್ತು

ನಮ್ಮದು ಬಯಲುಸೀಮೆ. ಆಷಾಢದ ಗಾಳಿ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಪಕ್ಕದ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಜೂನ್‌ನಿಂದ ಆಗಸ್ಟ್‌ವರೆಗೆ ಟೆರೇಸ್ ಮೇಲೆ ಕೂತರೆ ಟಿಶ್ಯೂ ಹಾರಿ ಪಕ್ಕದ ಟೇಬಲ್ಲಿನವರ ಸಾರಿಗೆ ಬೀಳುತ್ತದೆ, ಬೀದಿ ಧೂಳು ನಿಮ್ಮ ಗ್ಲಾಸಿಗೆ. ಮಾರ್ಚ್‌ನಿಂದ ಮೇವರೆಗೆ ಸಂಜೆ ಏಳಕ್ಕೂ ಕಾಂಕ್ರೀಟು ಕಾವಲಿಯ ಹಾಗೆ ಕಾದಿರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಯಾವಾಗ ಬರುತ್ತದೋ ಹೇಳಲಾಗದು. ರೂಫ್‌ಟಾಪಿಗೆ ನಿಜವಾದ ಕಾಲ ದೀಪಾವಳಿ ಕಳೆದಮೇಲೆ, ಶಿವರಾತ್ರಿವರೆಗೆ.

ಡಿಸೆಂಬರಿನಲ್ಲಿ ಆರು ಗಂಟೆಗೇ ಸೂರ್ಯ ಮುಳುಗುತ್ತಾನೆ. ಐದೂವರೆಗೆ ಟೆರೇಸ್ ಮೇಲೆ ಇರಿ. ಹರಿಹರದ ದಿಕ್ಕಿಗೆ ಮುಖ ಮಾಡಿದ ಟೇಬಲ್ ಕೇಳಿ, ಎತ್ತರದ ಕಟ್ಟಡವಾದರೆ ದೊಡ್ಡಬಾತಿ ಗುಡ್ಡದ ಕಡೆಯ ಆಕಾಶ ಕೆಂಪಾಗುವುದು ಕಾಣುತ್ತದೆ. ಅದನ್ನು ನೋಡಲು ಬೆಂಗಳೂರಿನವರು ಕೊಡುವ ದುಡ್ಡಿನಲ್ಲಿ ನಮ್ಮಲ್ಲಿ ಊಟವೂ ಆಗುತ್ತದೆ.

ಮಂಗಳವಾರದಿಂದ ಗುರುವಾರದೊಳಗೆ ಹೋಗುವುದು ಒಳ್ಳೆಯದು. ಶನಿವಾರ, ಭಾನುವಾರ ಬಾರ್‌ಟೆಂಡರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅವನ ಹತ್ತಿರ ಹೋಗಿ ಪುದೀನ ಫ್ರೆಶ್ಶಾ ಅಂತ ಕೇಳಿದರೆ ಬೈಸಿಕೊಳ್ಳುತ್ತೀರಿ.

ಅಕ್ಟೋಬರ್ 2 ಗಾಂಧಿ ಜಯಂತಿ, ಅಂಗಡಿ ಬಾರ್ ಎಲ್ಲ ಬಂದ್. ಚುನಾವಣೆ ಇದ್ದರೆ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಮದ್ಯ ಸಿಗುವುದಿಲ್ಲ. ಇವೆರಡು ಎಲ್ಲರಿಗೂ ಗೊತ್ತು. ಹೊರಗಿನವರಿಗೆ ಗೊತ್ತಿಲ್ಲದ್ದು ಗಣಪತಿ ವಿಸರ್ಜನೆಯ ದಿನಗಳು. ದೊಡ್ಡ ಮೆರವಣಿಗೆ ಇದ್ದ ದಿನ ಜಿಲ್ಲಾಡಳಿತ ಮದ್ಯ ಮಾರಾಟ ನಿಲ್ಲಿಸುವುದುಂಟು. ದಾವಣಗೆರೆಯಲ್ಲೂ, ಚಿತ್ರದುರ್ಗದಲ್ಲೂ. ಆ ವಾರದ ಪೇಪರ್ ನೋಡಿಕೊಂಡು ಹೊರಡಿ.

ಹೊಟ್ಟೆಗೆ ಮೊದಲು

ಖಾಲಿ ಹೊಟ್ಟೆಯಲ್ಲಿ ಕುಡಿದರೆ ಬೇಗ ಏರುತ್ತದೆ. ಹೊಟ್ಟೆಯಲ್ಲಿ ಊಟ ಇದ್ದರೆ ಮದ್ಯ ಕರುಳಿಗೆ ಇಳಿಯುವುದು ನಿಧಾನ, ರಕ್ತಕ್ಕೆ ಸೇರುವುದೂ ನಿಧಾನ. ಇದಕ್ಕೆ ನಮ್ಮೂರಿನಷ್ಟು ಅನುಕೂಲ ಬೇರೆ ಯಾವ ಊರಲ್ಲಿದೆ ಹೇಳಿ? ಸಂಜೆ ಐದಕ್ಕೆ ಒಂದು ಬೆಣ್ಣೆ ದೋಸೆ, ಬಿಳಿ ಆಲೂಗಡ್ಡೆ ಪಲ್ಯ. ಬೆಣ್ಣೆ, ಹಿಟ್ಟು ಎರಡೂ ಕೆಲಸಕ್ಕೆ ಬರುತ್ತವೆ.

ಮಂಡಕ್ಕಿ, ಮೆಣಸಿನಕಾಯಿ ಬಗ್ಗೆ ಒಂದು ಎಚ್ಚರಿಕೆ. ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ನಮ್ಮ ಹೆಮ್ಮೆ, ಸರಿ. ಆದರೆ ಕಾಕ್‌ಟೇಲ್ ರುಚಿ ನೋಡುವ ಮೊದಲು ಬಜ್ಜಿ ತಿಂದರೆ ನಾಲಿಗೆ ಅರ್ಧ ಗಂಟೆ ಕೆಲಸ ಮಾಡುವುದಿಲ್ಲ. ಸ್ಪಿರಿಟ್, ಅಂದರೆ ವಿಸ್ಕಿ, ರಮ್‌ನಂಥ ಗಟ್ಟಿ ಮದ್ಯ, ಜಾಸ್ತಿ ಇರುವ ಗ್ಲಾಸು ಖಾರದ ಉರಿಯನ್ನು ಇನ್ನೂ ಎಬ್ಬಿಸುತ್ತದೆ. ನನ್ನ ಲೆಕ್ಕದಲ್ಲಿ ಮೊದಲು ದೋಸೆ, ಮಂಡಕ್ಕಿ ಕೊನೆಗೆ. ಅಥವಾ ಮಂಡಕ್ಕಿ ಜೊತೆ ತಣ್ಣನೆಯ ಲೈಟ್ ಬಿಯರ್. ಅದಕ್ಕಿಂತ ಒಳ್ಳೆಯ ಜೋಡಿ ನಾನು ನೋಡಿಲ್ಲ. ಕಷ್ಟ ಏನಂದರೆ ಬಾರಿನ ಒಳಗೆ ಮಂಡಕ್ಕಿ ಹುರಿಯುವ ಭಟ್ಟಿಯಿಂದ ಬಂದ ತಾಜಾ ಮಂಡಕ್ಕಿ ಸಿಗುವುದು ಅಪರೂಪ. ಹೊರಗಿನಿಂದ ಪೊಟ್ಟಣ ಕಟ್ಟಿಸಿಕೊಂಡು ಹೋದರೆ ವೇಟರ್ ಕಣ್ಣು ಮುಚ್ಚಿಕೊಳ್ಳುತ್ತಾನಾ ಇಲ್ಲವಾ ಅನ್ನುವುದು ನಿಮ್ಮ ಬಾಯಿಮಾತಿಗೆ ಬಿಟ್ಟದ್ದು.

ಮೊದಲ ಗ್ಲಾಸು ಟೆರೇಸಿನಲ್ಲಿ

ಬೆಳಕು ಇರುವಾಗಲೇ ಮೇಲೆ ಹೋಗಿ, ಕತ್ತಲಾದಮೇಲೆ ಇಳಿಯಿರಿ. ಇಲ್ಲಿ ಉದ್ದನೆಯ ಗ್ಲಾಸಿನ, ಸೋಡಾ ಜಾಸ್ತಿ ಇರುವ ಪಾನೀಯ ಕೇಳಿ. ಜಿನ್ ಮತ್ತು ಟಾನಿಕ್ ಸಾಕು. ಟಾನಿಕ್ ಇಲ್ಲ ಅಂದರೆ ಬರೀ ಸೋಡಾ ಬೇಡ, ಫ್ರೆಶ್ ಲೈಮ್ ಸೋಡಾ ಉಪ್ಪು ಹಾಕಿದ್ದು ತರಿಸಿ, ಅದಕ್ಕೆ 30 ಎಂಎಲ್ ಜಿನ್ ಬೇರೆ ತರಿಸಿ ನೀವೇ ಬೆರೆಸಿ. ಒಂದು ಹಸಿಮೆಣಸಿನಕಾಯಿ ಸೀಳಿ ಹಾಕಿದರೆ ಇನ್ನೂ ಚೆಂದ. ಯಾವ ಮೆನುವಿನಲ್ಲೂ ಇದು ಇಲ್ಲ. ಆದರೆ ಯಾವ ಬಾರಿನಲ್ಲೂ ಇದು ಕೆಡುವುದಿಲ್ಲ.

ಟೆರೇಸಿನಲ್ಲಿ ಐಸ್ ಬೇಗ ಕರಗುತ್ತದೆ. ಚಿಕ್ಕ ಚಿಕ್ಕ ಚೂರು ಬೇಡ, ದೊಡ್ಡ ತುಂಡು ಗ್ಲಾಸಿನ ತುಂಬ ಹಾಕಿಸಿ. ಐಸ್ ಕಡಿಮೆ ಹಾಕಿದರೆ ಡ್ರಿಂಕ್ ಗಟ್ಟಿ ಇರುತ್ತದೆ ಅಂತ ನಮ್ಮಲ್ಲಿ ಒಂದು ನಂಬಿಕೆ. ಉಲ್ಟಾ. ಎರಡೇ ತುಂಡು ಹಾಕಿದರೆ ಅವು ಬೇಗ ಕರಗಿ ನೀರಾಗುತ್ತವೆ. ತುಂಬಾ ಐಸ್ ಇದ್ದರೆ ಎಲ್ಲವೂ ತಣ್ಣಗಿದ್ದು ನಿಧಾನ ಕರಗುತ್ತದೆ.

ಎರಡನೇ ಗ್ಲಾಸು ಕಾಕ್‌ಟೇಲ್: ಕೇಳುವ ಮೊದಲು ಶೆಲ್ಫ್ ನೋಡಿ

ಈ ಭಾಗ ಉದ್ದ ಆಗುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಒಂದು ಸಲ ನಮ್ಮೂರಿನ ಒಂದು ಬಾರಿನಲ್ಲಿ, ಮೆನುವಿನಲ್ಲಿ ಇದೆಯಲ್ಲ ಅಂತ ನೆಗ್ರೋನಿ ಕೇಳಿದೆ. ವೇಟರ್ ಅಣ್ಣ ತಲೆ ಆಡಿಸಿ ಹೋದ. ಹತ್ತು ನಿಮಿಷಕ್ಕೆ ಕೆಂಪಗೆ, ಸಿಹಿಯಾಗಿ, ಮೇಲೊಂದು ಚೆರ್ರಿ ಇಟ್ಟುಕೊಂಡು ಏನೋ ಬಂತು. ಕುಡಿದರೆ ಚಿಕ್ಕಂದಿನಲ್ಲಿ ಅಮ್ಮ ಕೊಡುತ್ತಿದ್ದ ಕೆಮ್ಮಿನ ಔಷಧಿ ನೆನಪಾಯಿತು. ನೆಗ್ರೋನಿ ಅಂದರೆ ಜಿನ್, ಕಂಪಾರಿ ಅನ್ನುವ ಕೆಂಪು ಕಹಿ ಮದ್ಯ, ಸಿಹಿ ವರ್ಮುತ್ ಅನ್ನುವ ಗಿಡಮೂಲಿಕೆ ಬೆರೆಸಿದ ವೈನ್, ಮೂರೂ ಸಮಪಾಲು. ಕಹಿ ಇರಬೇಕು. ಎದ್ದು ಹೋಗಿ ಕೌಂಟರ್ ಹಿಂದಿನ ಶೆಲ್ಫ್ ನೋಡಿದೆ. ಕಂಪಾರಿಯೂ ಇಲ್ಲ, ವರ್ಮುತ್ತೂ ಇಲ್ಲ. ತಪ್ಪು ಅವನದಲ್ಲ, ನನ್ನದು. ಶೆಲ್ಫ್ ಮೊದಲೇ ನೋಡಬೇಕಿತ್ತು.

ಹಾಗಾಗಿ ಕೂರುವ ಮೊದಲು, ಕೈತೊಳೆಯುವ ನೆಪದಲ್ಲಿ ಕೌಂಟರ್ ಮುಂದೆ ಒಂದು ಸಲ ಹಾದು ಹೋಗಿ. ನಾಲ್ಕು ವಿಷಯ ನೋಡಿ. ಶೇಕರ್, ಅಂದರೆ ಅಲ್ಲಾಡಿಸಿ ಬೆರೆಸುವ ಮುಚ್ಚಳದ ಡಬ್ಬಿ, ಇದೆಯಾ? ಅಳತೆಯ ಪೆಗ್ ಮೆಷರ್ ಕೈಗೆ ಸಿಗುವ ಹಾಗಿದೆಯಾ? ಹಸಿ ನಿಂಬೆಹಣ್ಣು ಕಾಣುತ್ತದಾ? ವಿಸ್ಕಿ, ರಮ್, ಬ್ರಾಂಡಿ ಬಿಟ್ಟು ಬೇರೆ ಬಣ್ಣದ ಬಾಟ್ಲಿ, ಅಂದರೆ ಬಿಟರ್ಸ್ (ಹನಿ ಲೆಕ್ಕದಲ್ಲಿ ಹಾಕುವ ಕಹಿ ಸಾರ), ಟ್ರಿಪಲ್ ಸೆಕ್ (ಕಿತ್ತಳೆ ರುಚಿಯ ಸಿಹಿ ಮದ್ಯ), ವರ್ಮುತ್, ಏನಾದರೂ ಇದೆಯಾ? ನಾಲ್ಕೂ ಇದ್ದರೆ ನಿಮ್ಮ ಅದೃಷ್ಟ, ಮೆನುವಿನಿಂದ ಏನು ಬೇಕಾದರೂ ಕೇಳಿ. ಶೇಕರ್, ನಿಂಬೆ ಎರಡೇ ಇದ್ದರೆ ಹುಳಿ ಜಾತಿಯ ಕಾಕ್‌ಟೇಲ್ ಕೇಳಿ. ಏನೂ ಇಲ್ಲದಿದ್ದರೆ ಕಾಕ್‌ಟೇಲ್ ಆಸೆ ಬಿಟ್ಟು ಸೀದಾ ಪೆಗ್ಗಿಗೆ ಹೋಗಿ.

ಹುಳಿ ಜಾತಿ ಅಂದೆ. ಕಾಕ್‌ಟೇಲ್ ಪ್ರಪಂಚದ ಅರ್ಧ ಇದೇ: ಒಂದು ಸ್ಪಿರಿಟ್, ಹುಳಿ, ಸಿಹಿ. 60 ಎಂಎಲ್ ಬಿಳಿ ರಮ್, 25 ಎಂಎಲ್ ನಿಂಬೆರಸ, 20 ಎಂಎಲ್ ಸಕ್ಕರೆ ಪಾಕ, ಐಸ್ ಹಾಕಿ ಜೋರಾಗಿ ಅಲ್ಲಾಡಿಸಿ ಸೋಸಿದರೆ ಡೈಕಿರಿ. ರಮ್ ಬದಲು ವಿಸ್ಕಿ ಹಾಕಿದರೆ ವಿಸ್ಕಿ ಸಾವರ್. ಡೈಕಿರಿಗೆ ಪುದೀನ, ಸೋಡಾ ಸೇರಿಸಿ ಉದ್ದ ಗ್ಲಾಸಿಗೆ ಹಾಕಿದರೆ ಅದೇ ಮೊಜಿಟೊ. ನಮ್ಮೂರಿನ ಯಾವ ಅಡುಗೆಮನೆಯಲ್ಲೂ ನಿಂಬೆಹಣ್ಣು, ಸಕ್ಕರೆ ಖಾಲಿಯಾಗುವುದಿಲ್ಲ. ಹಾಗಾಗಿ ಈ ಮೂರನ್ನು ಧೈರ್ಯವಾಗಿ ಕೇಳಬಹುದು. ಬಾರ್‌ಟೆಂಡರಿಗೆ ಹೆಸರು ಗೊತ್ತಿಲ್ಲದಿದ್ದರೆ ಅಳತೆ ಹೇಳಿ. "ತಮ್ಮಾ, ಹಿಂಗೆ ಮಾಡಿಕೊಡ್ತೀಯಾ?" ಅಂತ ಪ್ರೀತಿಯಿಂದ ಕೇಳಿದರೆ ಬಹಳ ಜನ ಖುಷಿಯಿಂದ ಮಾಡುತ್ತಾರೆ. ದಿನವಿಡೀ ಕ್ವಾರ್ಟರ್ ಬಾಟ್ಲಿಯ ಸೀಲ್ ಒಡೆದು ಕೊಡುವವನಿಗೆ ಇದೊಂದು ಹೊಸ ಕೆಲಸ.

ಮೊಜಿಟೊ ವಿಷಯದಲ್ಲಿ ಮಾತ್ರ ಹುಷಾರು. ಒಂದು ಸಲ ಹೀಗಾಯಿತು.

"ಅಣ್ಣಾ, ಮೊಜಿಟೊಗೆ ಪುದೀನ ಫ್ರೆಶ್ ಐತಾ?"

"ಐತೆ ಸಾರ್. ಆದ್ರೆ ಅದು ಕಬಾಬ್ ಚಟ್ನಿಗೆ ಇಟ್ಟಿರೋದು. ಮೊಜಿಟೊಗೆ ಬೇರೆ ಬಾಟ್ಲಿ ಐತೆ."

ಬೇರೆ ಬಾಟ್ಲಿ ಅಂದರೆ ಹಸಿರು ಸಿರಪ್. ಟೂತ್‌ಪೇಸ್ಟ್ ವಾಸನೆ. "ಚಟ್ನಿದ್ದೇ ನಾಕು ಎಲೆ ಹಾಕಣ್ಣ, ಆ ಬಾಟ್ಲಿ ಬ್ಯಾಡ" ಅಂದೆ. ಆವತ್ತಿನ ಮೊಜಿಟೊ ನಾನು ಕುಡಿದ ಒಳ್ಳೆಯ ಮೊಜಿಟೊಗಳಲ್ಲಿ ಒಂದು.

ರಸ, ಹಾಲು, ಮೊಟ್ಟೆಯ ಬಿಳಿಭಾಗ ಇರುವ ಕಾಕ್‌ಟೇಲನ್ನು ಶೇಕ್ ಮಾಡುತ್ತಾರೆ. ಬರೀ ಮದ್ಯಗಳೇ ಇರುವುದನ್ನು, ಉದಾಹರಣೆಗೆ ನೆಗ್ರೋನಿ, ಚಮಚದಲ್ಲಿ ಕಲಕುತ್ತಾರೆ. ಅಲ್ಲಾಡಿಸಿದರೆ ಗಾಳಿ ಸೇರಿ ಮಬ್ಬಾಗುತ್ತದೆ, ನೀರೂ ಜಾಸ್ತಿಯಾಗುತ್ತದೆ. ಬಾರ್‌ಟೆಂಡರಿಗೆ ಈ ವ್ಯತ್ಯಾಸ ಗೊತ್ತಿದೆ ಅಂದರೆ ಆ ಜಾಗದ ಹೆಸರು ಬರೆದಿಟ್ಟುಕೊಳ್ಳಿ. ಓಲ್ಡ್ ಫ್ಯಾಶನ್ಡ್ ಅನ್ನುವ ವಿಸ್ಕಿ ಕಾಕ್‌ಟೇಲ್ ಕೇಳುವ ಮೊದಲು ಬಿಟರ್ಸ್ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಅದಿಲ್ಲದಿದ್ದರೆ ನಿಮಗೆ ಬರುವುದು ಸಕ್ಕರೆ ಹಾಕಿದ ವಿಸ್ಕಿ, ಅಷ್ಟೇ.

ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಎಲ್ಲ ಮೆನುವಿನಲ್ಲೂ ಇರುತ್ತದೆ, ಎಲ್ಲ ಹುಡುಗರೂ ಅದನ್ನೇ ಕೇಳುತ್ತಾರೆ. ಅದರಲ್ಲಿ ಟೀ ಇಲ್ಲ. ವೋಡ್ಕಾ, ಜಿನ್, ರಮ್, ಟಕೀಲಾ, ಟ್ರಿಪಲ್ ಸೆಕ್, ಮೇಲೆ ನಿಂಬೆ ಮತ್ತು ಕೋಲಾ. ಒಂದೊಂದು 15 ಎಂಎಲ್ ಹಾಕಿದರೂ 75 ಎಂಎಲ್ ಆಯಿತು, 60 ಎಂಎಲ್‌ನ ಒಂದು ಲಾರ್ಜಿಗಿಂತ ಜಾಸ್ತಿ. ನಮ್ಮ ಸುತ್ತಾಟಕ್ಕೆ ಇದು ಆಗಿಬರುವುದಿಲ್ಲ. ಟಕೀಲಾ ಇಲ್ಲದಿದ್ದಾಗ ಅದರ ಬದಲು ಏನು ಬೀಳುತ್ತದೆ ಅನ್ನುವುದೂ ದೇವರಿಗೇ ಗೊತ್ತು.

ಕಾಕ್‌ಟೇಲ್ ಸರಿ ಇಲ್ಲ ಅನ್ನಿಸಿದ ಜಾಗದಲ್ಲಿ ಒಳ್ಳೆಯ ವಿಸ್ಕಿ ಇದ್ದರೆ ಸುಮ್ನೆ 30 ಎಂಎಲ್ ತರಿಸಿ, ಸ್ವಲ್ಪ ನೀರು ಹಾಕಿ ನಿಧಾನ ಕುಡಿಯಿರಿ. ಬೆಂಗಳೂರಿನ ಅಮೃತ್ ಕಂಪನಿಯವರು 2004ರಲ್ಲಿ ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ವಿಸ್ಕಿಯ ತವರಿಗೇ ಹೋಗಿ. ಹೋಟೆಲ್ ಬಾರುಗಳಲ್ಲಿ ಅದು ಸಿಕ್ಕರೆ ಕೆಟ್ಟ ನೆಗ್ರೋನಿಗಿಂತ ನೂರು ಪಾಲು ಮೇಲು.

ಮೂರನೇ ಗ್ಲಾಸು ವೈನ್, ಸಿಕ್ಕರೆ

ದಾವಣಗೆರೆಯಲ್ಲಿ ವೈನ್‌ಗೆ ಮೂರು ಶತ್ರು: ಬಿಸಿಲು, ಟ್ಯೂಬ್‌ಲೈಟು, ಹಳೇ ಬಾಟ್ಲಿ. ವಿಸ್ಕಿ ಶೆಲ್ಫಿನಲ್ಲಿ ವರ್ಷ ಕೂತರೂ ಏನೂ ಆಗುವುದಿಲ್ಲ. ವೈನ್ ಹಾಗಲ್ಲ. ಎರಡು ಬೇಸಿಗೆ ಶೆಲ್ಫಿನಲ್ಲೇ ಕಳೆದ ಬಾಟ್ಲಿ ಬೆಂದ ಹಣ್ಣಿನ ವಾಸನೆ ಹೊಡೆಯುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, "ಬಾಟ್ಲಿ ಎಲ್ಲಿ ಇಟ್ಟಿದ್ದೀರಿ?" ಫ್ರಿಜ್ಜಿನಲ್ಲಿ ಅಂದರೆ ತರಿಸಿ, ಅದು ಕೆಂಪಾದರೂ ಸರಿ. ಶೆಲ್ಫಿನಲ್ಲಿ ಅಂದರೆ ಲೇಬಲ್ ಮೇಲಿನ ತಾರೀಖು ನೋಡಿ.

ಗ್ಲಾಸ್ ಲೆಕ್ಕದಲ್ಲಿ ಕೇಳಿದರೆ "ಯಾವಾಗ ಓಪನ್ ಮಾಡಿದ್ದು?" ಅಂತ ಕೇಳಲೇಬೇಕು. ಮುಚ್ಚಳ ತೆಗೆದ ವೈನ್ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ತಡೆಯುತ್ತದೆ, ಆಮೇಲೆ ವಿನೆಗರ್ ದಾರಿ ಹಿಡಿಯುತ್ತದೆ. "ಹೋದ ವಾರ ಸಾರ್" ಅನ್ನುವ ಪ್ರಾಮಾಣಿಕ ಉತ್ತರ ಬಂದರೆ ಥ್ಯಾಂಕ್ಸ್ ಹೇಳಿ ಬೇರೆ ಏನಾದರೂ ತರಿಸಿ. ನಾಲ್ಕೈದು ಜನ ಇದ್ದರೆ ಹೊಸ ಬಾಟ್ಲಿಯನ್ನೇ ತೆಗೆಸಿ. 750 ಎಂಎಲ್ ಬಾಟ್ಲಿಯಲ್ಲಿ 150ರ ಐದು ಗ್ಲಾಸ್ ಆಗುತ್ತದೆ, ತಲೆಗೊಂದು.

ಕೆಂಪು ವೈನನ್ನು ರೂಮಿನ ಶಾಖದಲ್ಲಿ ಕೊಡಬೇಕು ಅನ್ನುವ ಮಾತು ಯುರೋಪಿನ ಚಳಿ ಊರಿನದ್ದು. ಅಲ್ಲಿ ರೂಮ್ ಅಂದರೆ 18 ಡಿಗ್ರಿ. ನಮ್ಮಲ್ಲಿ ಏಪ್ರಿಲ್‌ನಲ್ಲಿ ರೂಮ್ ಅಂದರೆ ಎಷ್ಟು ಅಂತ ಫ್ಯಾನ್ ಕೆಳಗೆ ಮಲಗಿದವರಿಗೆ ಗೊತ್ತು. ಐಸ್ ಬಕೆಟ್ಟಿನಲ್ಲಿ ಹದಿನೈದು ನಿಮಿಷ ಇಡಲು ಹೇಳಿ. ವೇಟರ್ ವಿಚಿತ್ರವಾಗಿ ನೋಡಿದರೆ ನೋಡಲಿ. ಬಿಳಿ ವೈನ್ ಇನ್ನೂ ತಣ್ಣಗಿರಬೇಕು, 8ರಿಂದ 10 ಡಿಗ್ರಿ.

ನಂದಿ ಬೆಟ್ಟದ ಬುಡದ ಗ್ರೋವರ್, ನಾಸಿಕ್‌ನ ಸುಲಾ, ಇವು ಎರಡೂ ನಮ್ಮೂರ ದೊಡ್ಡ ಹೋಟೆಲುಗಳಲ್ಲಿ ಸಿಗುವ ಸಾಧ್ಯತೆ ಇರುವ ಹೆಸರು. ಖಾರದ ಊಟದ ಜೊತೆಗೆ ಚೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಕೇಳಿ. ಸ್ವಲ್ಪ ಸಿಹಿ ಇರುವುದಾದರೆ ಇನ್ನೂ ಒಳ್ಳೆಯದು, ಖಾರ ತಣಿಸುತ್ತದೆ. ಪೆಪ್ಪರ್ ಚಿಕನ್ ಜೊತೆ ಒಗರು ಕೆಂಪು ವೈನ್ ಕುಡಿದರೆ ಎರಡೂ ಹಾಳು. ಕಡಿಮೆ ಬೆಲೆಗೆ ಸಿಗುವ "ಪೋರ್ಟ್ ವೈನ್" ಬಗ್ಗೆ ಹೇಳಬೇಕಂದರೆ, ಅದು ಸಿಹಿ. ಬಹಳ ಸಿಹಿ. ಊಟದ ಜೊತೆ ಬೇಡ, ಅಜ್ಜಿಯ ಕಾಲದ ದ್ರಾಕ್ಷಿ ಶರಬತ್ತಿನ ಹಾಗೆ ಕೊನೆಗೆ ಒಂದು ಗುಟುಕು ಆಗಬಹುದು.

ವೈನ್ ಎಲ್ಲೂ ಸಿಗಲಿಲ್ಲವಾ? ಮೂರನೇ ಗ್ಲಾಸನ್ನು ಹೈವೇ ಕಡೆಯ ಗಾರ್ಡನ್ ಬಾರಿನಲ್ಲಿ ಮುಗಿಸಿ. ಗುಡಿಸಲು, ಮಂದ ಬಲ್ಬು, ಕಾಲ ಕೆಳಗೆ ಮಣ್ಣು. ಅಲ್ಲಿ ಕಾಕ್‌ಟೇಲ್ ಮಾತೇ ಎತ್ತಬೇಡಿ.

ಗ್ಲಾಸಿನ ಲೆಕ್ಕ

"ನಂದು ಬರೀ ಬಿಯರಪ್ಪ" ಅನ್ನುವವರಿಗೆ ಈ ಲೆಕ್ಕ. ನಮ್ಮ ವಿಸ್ಕಿ, ರಮ್‌ಗಳಲ್ಲಿ ಮದ್ಯಸಾರ ಶೇ 42.8. 60 ಎಂಎಲ್ ಲಾರ್ಜಿನಲ್ಲಿ ಸುಮಾರು 26 ಎಂಎಲ್ ಶುದ್ಧ ಆಲ್ಕೋಹಾಲ್. ಸ್ಟ್ರಾಂಗ್ ಬಿಯರ್ ಶೇ 8ರವರೆಗೆ ಇರುತ್ತದೆ. 650 ಎಂಎಲ್ ಬಾಟ್ಲಿಗೆ ಲೆಕ್ಕ ಹಾಕಿ: 52 ಎಂಎಲ್. ಅಂದರೆ ಒಂದು ಸ್ಟ್ರಾಂಗ್ ಬಿಯರ್ ಎರಡು ಲಾರ್ಜಿಗೆ ಸಮ. ಶೇ 13ರ ವೈನ್ ಒಂದು ಗ್ಲಾಸಿನಲ್ಲಿ ಸುಮಾರು 20 ಎಂಎಲ್. ಬಿಯರ್ ಮೊದಲಾ ವಿಸ್ಕಿ ಮೊದಲಾ ಅಂತ ಜಗಳ ಆಡುತ್ತಾರಲ್ಲ, ಅದಕ್ಕಿಂತ ಒಟ್ಟು ಎಷ್ಟು ಅನ್ನುವುದೇ ಮುಖ್ಯ. ಪ್ರತಿ ಗ್ಲಾಸಿನ ಜೊತೆ ಒಂದು ದೊಡ್ಡ ಗ್ಲಾಸ್ ನೀರು. ಒಂದು ಜಾಗದಲ್ಲಿ ಕಡಿಮೆ ಅಂದರೂ ಒಂದು ಗಂಟೆ.

ಬಿಲ್ಲು

ಪೆಗ್ ಲೆಕ್ಕದಲ್ಲಿ ತರಿಸಿದರೆ ಟೇಬಲ್ಲಿನ ಮುಂದೆಯೇ ಅಳೆದು ಸುರಿಯಲು ಹೇಳಿ. ಕ್ವಾರ್ಟರ್ ತರಿಸಿದರೆ ಸೀಲ್ ಕಣ್ಣ ಮುಂದೆ ಒಡೆಯಬೇಕು. ಇದರಲ್ಲಿ ನಾಚಿಕೆ ಏನಿಲ್ಲ, ಊರಿನ ಹಿರಿಯರೆಲ್ಲ ಹಾಗೇ ಮಾಡುವುದು. ಎಸಿ ಹಾಲ್‌ಗೂ ಹೊರಗಿನ ಹಾಲ್‌ಗೂ ರೇಟು ಬೇರೆ ಇರಬಹುದು, ಕೂರುವ ಮೊದಲು ಕೇಳಿ. ಜಿಎಸ್‌ಟಿ ಊಟಕ್ಕೆ ಮಾತ್ರ, ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಒಂದು ಸಲ ಒಟ್ಟು ಮೊತ್ತದ ಮೇಲೆ ಹಾಕಿದ ಬಿಲ್ಲು ನನ್ನ ಕೈಗೆ ಬಂದಿತ್ತು. ತೋರಿಸಿದೆ, ಮ್ಯಾನೇಜರ್ "ಕಂಪ್ಯೂಟರ್ ತಪ್ಪು ಸಾರ್" ಅಂದು ತಿದ್ದಿಕೊಟ್ಟರು. ಸರ್ವಿಸ್ ಚಾರ್ಜ್ ಅಂತ ಇದ್ದರೆ ಅದು ಕಡ್ಡಾಯ ಅಲ್ಲ, ತೆಗೆಸಬಹುದು. ಅದರ ಬದಲು ಆ ದುಡ್ಡನ್ನು ವೇಟರ್ ಕೈಗೆ ಕೊಡಿ. ಅವನ ಮುಖ ನಿಮಗೆ ಮುಂದಿನ ಸಲ ಬೇಕಾಗುತ್ತದೆ.

ಹೆಂಗಸರು ಜೊತೆಗಿದ್ದರೆ

ನೇರವಾಗಿ ಹೇಳುತ್ತೇನೆ. ನಮ್ಮೂರಿನ ಮಾಮೂಲಿ ಬಾರ್ ಅಂಡ್ ರೆಸ್ಟೋರೆಂಟುಗಳು ಗಂಡಸರ ಜಾಗ. ಹೆಂಗಸರು ಕಾಲಿಟ್ಟರೆ ಇಡೀ ಹಾಲ್ ತಿರುಗಿ ನೋಡುತ್ತದೆ. "ಫ್ಯಾಮಿಲಿ ಸೆಕ್ಷನ್" ಅಂತ ಪರದೆ ಹಾಕಿದ ಮೂಲೆ ತೋರಿಸುತ್ತಾರೆ, ಅಲ್ಲಿ ಕೆಲವು ಕಡೆ ಮದ್ಯವನ್ನೇ ಕೊಡುವುದಿಲ್ಲ. ಹೋಟೆಲ್ ಬಾರ್ ಮತ್ತು ಟೆರೇಸ್ ಈ ವಿಷಯದಲ್ಲಿ ಎಷ್ಟೋ ವಾಸಿ. ಅಲ್ಲೂ ಮೊದಲ ಸಲ ನನ್ನ ಹೆಂಡತಿ ಜೊತೆ ಹೋದಾಗ ಮೆನು ನನ್ನ ಕೈಗೆ ಬಂತು, ನೀರು ಅವಳ ಕೈಗೆ. ಜಿನ್ ಅವಳು ಹೇಳಿದ್ದು, ಲೈಮ್ ಸೋಡಾ ನಾನು ಹೇಳಿದ್ದು. ತಂದಿಟ್ಟದ್ದು ಮಾತ್ರ ಅದಲು ಬದಲು. ಅವಳು ಏನೂ ಮಾತಾಡದೆ ಗ್ಲಾಸ್ ಎಳೆದುಕೊಂಡಳು. ಎರಡನೇ ಸಲ ಹೋದಾಗ ಅದೇ ಹುಡುಗ ಮೆನು ಅವಳ ಕೈಗೇ ಕೊಟ್ಟ.

ನಾಲ್ಕೈದು ಜನ ಹೆಂಗಸರೇ ಹೋಗುವುದಾದರೆ ಮೊದಲೇ ಫೋನ್ ಮಾಡಿ ಟೇಬಲ್ ಕಾಯ್ದಿರಿಸಿ. ಸಂಜೆ ಬೇಗ ಹೋಗಿ ಬೇಗ ಹೊರಡುವ ಲೆಕ್ಕ ಇಟ್ಟುಕೊಂಡರೆ ಹೋಗುವುದೂ ಸುಲಭ, ವಾಹನವೂ ಸಿಗುತ್ತದೆ.

ಮನೆಗೆ

ಬೈಕ್, ಕಾರ್ ಮನೆಯಲ್ಲೇ ಬಿಟ್ಟು ಬನ್ನಿ. "ಪಿ.ಬಿ. ರಸ್ತೆಯಿಂದ ವಿದ್ಯಾನಗರ ಎಷ್ಟು ದೂರ ಮಾರಾಯ, ಗಲ್ಲಿಯಲ್ಲೇ ಹೋಗ್ತೀನಿ" ಅನ್ನುವವರು ನಮ್ಮ ಗುಂಪಿನಲ್ಲೂ ಇದ್ದಾರೆ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೂರು ಗ್ಲಾಸ್ ಮುಗಿಸಿದವರಲ್ಲಿ ಹೆಚ್ಚಿನವರು ಆ ಗಡಿ ದಾಟಿರುತ್ತಾರೆ. ಮಜ್ಜಿಗೆ, ಕಾಫಿ, ನಿಂಬೆ ಉಪ್ಪು ಯಾವುದೂ ಇದನ್ನು ಇಳಿಸುವುದಿಲ್ಲ. ಇಳಿಸುವುದು ಗಂಟೆಗಳು ಮಾತ್ರ. ತಡವಾಗಿ ಮಲಗಿದವರು ಬೆಳಗ್ಗೆ ಬೇಗ ಗಾಡಿ ತೆಗೆಯುವ ಮೊದಲೂ ಇದನ್ನು ನೆನಪಿಡಬೇಕು.

ಆಟೊ ವಿಷಯ. ರಾತ್ರಿ ಹತ್ತೂವರೆ ಮೇಲೆ ಬಡಾವಣೆಗಳ ಒಳಗೆ ಆಟೊ ಸಿಗುವುದು ಕಷ್ಟ. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ ಹತ್ತಿರ ಮಾತ್ರ ಇರುತ್ತವೆ. ಸಂಜೆ ನಿಮ್ಮನ್ನು ಬಿಟ್ಟ ಆಟೊದವರ ನಂಬರ್ ಆಗಲೇ ತೆಗೆದುಕೊಂಡು, ಬಾಡಿಗೆಯೂ ಆಗಲೇ ಮಾತಾಡಿ. ಕುಡಿಯದ ಗೆಳೆಯ ಒಬ್ಬ ಇದ್ದರೆ ಅವನ ಊಟದ ಬಿಲ್ಲು ನಿಮ್ಮದು, ಇದು ನಮ್ಮ ಗುಂಪಿನ ಕಾಯಂ ನಿಯಮ.

ಮಿಕ್ಕಿದ ಬಾಟ್ಲಿ ಹಿಡಿದುಕೊಂಡು ಕುಂದುವಾಡ ಕೆರೆ ಏರಿಗೋ, ಮರುದಿನ ದುರ್ಗದ ಕೋಟೆಗೋ ಹೋಗಬೇಡಿ. ಬೆಳಗ್ಗೆ ವಾಕಿಂಗ್ ಬರುವವರ ಕಾಲಿಗೆ ಚುಚ್ಚುವುದು ಆ ಗಾಜೇ.

ಒಂದು ಪಟ್ಟಿ ಮಾಡಿ

ಮನೆಗೆ ಬಂದು ಮಲಗುವ ಮೊದಲು ಫೋನಿನಲ್ಲಿ ಎರಡು ಸಾಲು ಬರೆದಿಡಿ. ಜಾಗ, ಕುಡಿದದ್ದು, ಬಾರ್‌ಟೆಂಡರ್ ಏನು ಮಾಡಿದ, ಮತ್ತೆ ಹೋಗಬಹುದಾ. ಬೆಳಗ್ಗೆ ಬರೆಯೋಣ ಅಂದರೆ ಎಲ್ಲ ಜಾಗವೂ "ಚೆನ್ನಾಗಿತ್ತು" ಅಂತಲೇ ಕಾಣುತ್ತದೆ. ನನ್ನ ಪಟ್ಟಿಯಲ್ಲಿ ಈಗ ಒಂಬತ್ತು ಜಾಗ ಇವೆ. ನಾಲ್ಕರ ಮುಂದೆ "ಬರೀ ಬಿಯರ್" ಅಂತ ಇದೆ. ಎರಡರ ಮುಂದೆ "ವಿಸ್ಕಿ ಸಾವರ್ ಧೈರ್ಯವಾಗಿ ಕೇಳು". ಒಂದರ ಮುಂದೆ "ಟೆರೇಸ್ ಚೆಂದ, ಐಸ್ ಕಡಿಮೆ", ಇನ್ನೊಂದರ ಮುಂದೆ "ವೈನ್ ಫ್ರಿಜ್ಜಿನಲ್ಲಿ ಇಡ್ತಾರೆ!" ಅಂತ ಆಶ್ಚರ್ಯದ ಗುರುತು ಹಾಕಿ. ಒಂಬತ್ತನೆಯದರ ಮುಂದೆ ಬರೆದದ್ದು ಇಷ್ಟೇ: "ಬರುವಾಗ ಪುದೀನ ಮನೆಯಿಂದಲೇ ತರುವುದು."